ಹಿಟ್ಟಿನ ಪೆಟ್ಟಿಗೆಯ ಪೂರ್ವಾಶ್ರಮ

ಡಿಸೆಂಬರ್ ಬಂತೆಂದರೆ ಹನುಮಂತನಗರದ ಪಕ್ಕದ ಶ್ರೀನಗರದ ಹೆಂಗಸರಿಗೆಲ್ಲ ಇಡ್ಲಿ ಹಿಟ್ಟಿನದೇ ಚಿಂತೆ. ಸಂಜೆ ರುಬ್ಬಿಟ್ಟ ಹಿಟ್ಟು ಬೆಳಗ್ಗೆ ಮುಚ್ಚಳ ತೆಗೆದು ನೋಡಿದರೆ ಮುನಿಸಿಕೊಂಡ ನಾದಿನಿಯ ಹಾಗೆ ಕದಲದೆ ಕೂತಿರುತ್ತದೆ. ಕೆಲವರು ಅದಕ್ಕೆ ಕಂಬಳಿ ಹೊದಿಸುತ್ತಾರೆ, ಕೆಲವರು ಬಿಸಿನೀರಿನ ಹಂಡೆಯ ಪಕ್ಕ ಇಡುತ್ತಾರೆ. ಮೂರನೇ ಮನೆಯವರು ಪಾತ್ರೆಯನ್ನು ಸೆಟ್‌ಟಾಪ್ ಬಾಕ್ಸಿನ ಮೇಲಿಟ್ಟು, ಹಿಟ್ಟೂ ಉಕ್ಕದೆ ಬಾಕ್ಸೂ ಕೆಟ್ಟು, ಎರಡು ದಿನ ಧಾರಾವಾಹಿ ಇಲ್ಲದೆ ಒದ್ದಾಡಿದರು. ಪಾರ್ವತಮ್ಮನವರ ಹಿಟ್ಟು ಮಾತ್ರ ಯಾವ ಚಳಿಗೂ ಸೊಪ್ಪು ಹಾಕದೆ ಪಾತ್ರೆಯ ಅಂಚಿನವರೆಗೆ ಉಬ್ಬಿ ನಿಂತಿರುತ್ತಿತ್ತು.

ಅದಕ್ಕೆ ಕಾರಣ ಅವರ ಅಡುಗೆಮನೆಯ ಮೂಲೆಯಲ್ಲಿದ್ದ ಸೊಂಟದೆತ್ತರದ ಮರದ ಪೆಟ್ಟಿಗೆ. ಅದರ ಪಕ್ಕದಲ್ಲಿ ದೀಪ ಇಡುವ ಗೂಡು, ಒಳಗೆ ತಾಮ್ರದ ನೀರಿನ ತೊಟ್ಟಿ, ಮೇಲ್ಗಡೆ ಗಾಜಿನ ಮುಚ್ಚಳದ ಒಂದು ಖಾನೆ. ಖಾನೆಯ ಪಕ್ಕ ತಕ್ಕಡಿಯ ದಂಡದಂಥ ಹಿತ್ತಾಳೆ ಕಡ್ಡಿ; ಕಡ್ಡಿಯ ತುದಿಯಲ್ಲಿ, ದೀಪದ ಹೊಗೆ ಹೋಗುವ ಕೊಳವೆಯ ಬಾಯಿಗೆ ಸರಿಯಾಗಿ, ಟೋಪಿಯಂಥ ಪುಟ್ಟ ಮುಚ್ಚಳ. ಪಾರ್ವತಮ್ಮನವರ ಮಾವ ಯಾವುದೋ ಕಾಲದಲ್ಲಿ ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಬಂಗಲೆಯೊಂದರ ಹರಾಜಿನಲ್ಲಿ ಅದನ್ನು ತಂದಿದ್ದರು. ತಂದವರಿಗೆ ಅದು ಏನೆಂದು ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಜಾಯಮಾನವೂ ಅವರದ್ದಲ್ಲ. ಹಾಗಾಗಿ "ದಿವಾನರ ಡಾಕ್ಟರರ ಔಷಧಿ ಪೆಟ್ಟಿಗೆ" ಎಂದು ಬೀದಿಗೆಲ್ಲ ಹೇಳಿಬಿಟ್ಟರು.

ಅವರ ಹೆಂಡತಿಗೆ, ಅಂದರೆ ಪಾರ್ವತಮ್ಮನವರ ಅತ್ತೆಗೆ, ದಿವಾನರೂ ಬೇಡ, ಡಾಕ್ಟರೂ ಬೇಡ. ಒಂದು ಚಳಿಗಾಲ ದೀಪ ಹಚ್ಚಿ ಅದರೊಳಗೆ ಹಿಟ್ಟಿಟ್ಟರು. ಸ್ವಲ್ಪ ಹೊತ್ತಿಗೆ ಹಿತ್ತಾಳೆಯ ಮುಚ್ಚಳ ಯಾರೂ ಮುಟ್ಟದೆ ತಾನಾಗಿ ಮೇಲೆದ್ದಿತು. ಅತ್ತೆ ಕೈಮುಗಿದರು. ಅವತ್ತಿನಿಂದ ಆ ಪೆಟ್ಟಿಗೆಗೆ ಸೋಮವಾರ ಸೋಮವಾರ ವಿಭೂತಿಯ ಮೂರು ಪಟ್ಟೆ ಬಿದ್ದವು, ಗಾಜಿನ ಖಾನೆಯಲ್ಲಿ ವಿಭೂತಿ ಉಂಡೆಗಳು ವಾಸಕ್ಕೆ ಬಂದವು, ಸ್ನಾನ ಮಾಡದೆ ಯಾರೂ ಅದನ್ನು ಮುಟ್ಟಕೂಡದೆಂಬ ಕಾನೂನು ಜಾರಿಯಾಯಿತು. ಯಾರ ಮೇಲೂ ಪ್ರೀತಿ ತೋರಿಸದ ಆ ಅತ್ತೆ ಕೊನೆಗಾಲದಲ್ಲಿ ದೊಡ್ಡ ಸೊಸೆಯನ್ನು ಬಿಟ್ಟು ಪಾರ್ವತಮ್ಮನವರ ಕೈಗೆ ಪೆಟ್ಟಿಗೆ ಒಪ್ಪಿಸಿದ್ದರು. ಸೀಮೆಎಣ್ಣೆ ಸಿಗದ ಈ ಕಾಲದಲ್ಲಿ ಪಾರ್ವತಮ್ಮ ಎಳ್ಳೆಣ್ಣೆಯ ದೀಪ ಇಡುತ್ತಿದ್ದರು. ಮುಚ್ಚಳ ಮೇಲೇಳುವವರೆಗೆ ಕಾದು, ಎದ್ದ ಕೂಡಲೇ "ಒಪ್ಪಿಕೊಂಡ" ಎಂದು ಶಿವನ ಪರವಾಗಿ ತಾವೇ ಘೋಷಿಸಿ ಮುಂದಿನ ಕೆಲಸಕ್ಕೆ ಹೋಗುತ್ತಿದ್ದರು.

ಇಂಥ ಮನೆಯಲ್ಲಿ ಮೊಟ್ಟೆಯ ಮಾತು ಎತ್ತುವ ಹಾಗೇ ಇರಲಿಲ್ಲ. ಬೇಕರಿಯ ಕೇಕು ಬಂದರೂ ಅದರ ಜಾತಕ ನೋಡಿಯೇ ಒಳಗೆ ಬಿಡುವುದು. ಅದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಮಗಳು ಶಾಂತಲಾಳ ವಿಷಯ. ಜೆ.ಪಿ. ನಗರದಲ್ಲಿರುವ ಶಾಂತಲಾಳ ಮಗಳು ಧಾತ್ರಿ ದಿನ ತುಂಬುವ ಮೊದಲೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಬದುಕಿ ಬಂದ ಮಗು. ಎರಡು ವರ್ಷವಾದರೂ ಮೈ ತುಂಬಿಕೊಳ್ಳದಿದ್ದಾಗ ಡಾಕ್ಟರು ದಿನಕ್ಕೊಂದು ಮೊಟ್ಟೆ ಕೊಡಿ ಎಂದರು. ಶಾಂತಲಾ ಕೊಟ್ಟಳು. ಪಾರ್ವತಮ್ಮ ಬೈಯಲಿಲ್ಲ, ಜಗಳ ಆಡಲಿಲ್ಲ. ಆವತ್ತಿನಿಂದ ಮಗಳ ಮನೆಗೆ ಹೋಗುವಾಗ ಬ್ಯಾಗಿನಲ್ಲಿ ತಮ್ಮದೇ ನೀರಿನ ಬಾಟಲಿ ಒಯ್ಯತೊಡಗಿದರು, ಅಷ್ಟೆ. ಸೋಫಾದ ತುದಿಯಲ್ಲಿ ಕೂತು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಮ್ಮ ನೀರು ತಾವು ಕುಡಿದು ಎದ್ದು ಬರುವುದು. ಮೂರು ವರ್ಷದಿಂದ ಮಗಳ ಅಡುಗೆಮನೆಯ ಹೊಸಿಲು ದಾಟಿರಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸುವ ಸದ್ದಾದಾಗಲೆಲ್ಲ ಶಾಂತಲಾ ಕಿಟಕಿಯ ಕಡೆ ನೋಡುವುದನ್ನು ಪಾರ್ವತಮ್ಮನವರ ಗಂಡ ಜಯದೇವಪ್ಪ ಮೇಷ್ಟ್ರು ನೋಡಿದ್ದರು. ಆದರೆ ಹೆಂಡತಿಗೆ ಹೇಳುವ ಧೈರ್ಯ ಮಾತ್ರ ಬರುತ್ತಿರಲಿಲ್ಲ.

ಈ ಜಯದೇವಪ್ಪ ಮೇಷ್ಟ್ರು ಹನುಮಂತನಗರದ ಒಂದು ಹೈಸ್ಕೂಲಿನಲ್ಲಿ ಇಡೀ ಸರ್ವೀಸು ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ನಿವೃತ್ತಿಯಾದದ್ದು ಕೆಲಸದಿಂದ, ಪಾಠದಿಂದಲ್ಲ. ಹಾಲಿನವನು ಎರಡು ನಿಮಿಷ ನಿಂತರೆ ಸಾಕು, ಪಾಣಿಪತ್ತಿನ ಯುದ್ಧ ಶುರುವಾಗುತ್ತಿತ್ತು. ಹಾಲಿನವನು ಈಚೆಗೆ ಪ್ಯಾಕೆಟ್ಟನ್ನು ಗೇಟಿಗೇ ಸಿಕ್ಕಿಸಿ ಓಡುತ್ತಿದ್ದ. ಜಯನಗರದಲ್ಲಿ ಒಂದು ಭಾನುವಾರ ಹಳೇ ಮನೆಸಾಮಾನುಗಳ ಪ್ರದರ್ಶನವಿದೆ, ನಿಮ್ಮಲ್ಲೇನಾದರೂ ಇದ್ದರೆ ಕೊಡಿ ಎಂಬ ಸುದ್ದಿ ವಾಟ್ಸಾಪಿನಲ್ಲಿ ಬಂದಾಗ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ದಿವಾನರ ಡಾಕ್ಟರರ ಔಷಧಿ ಪೆಟ್ಟಿಗೆ ಇದೆಯೆಂದು ಉತ್ತರ ಬರೆದೇಬಿಟ್ಟರು. ಹೆಂಡತಿಯನ್ನು ಒಪ್ಪಿಸಲು ಮೂರು ದಿನ ಹಿಡಿಯಿತು.

"ಒಂದೇ ದಿನ. ಸಂಜೆ ಹೊತ್ಗೆ ಮನೇಲಿರ್ಬೇಕು. ಮುಟ್ಟೋರು ಸ್ನಾನ ಮಾಡಿರ್ಬೇಕು" ಎಂದರು ಪಾರ್ವತಮ್ಮ.

"ಎಕ್ಸಿಬಿಶನ್‌ಗೆ ಬರೋರನ್ನೆಲ್ಲ ಸ್ನಾನ ಮಾಡಿದೀರಾ ಅಂತ ಕೇಳೋಕಾಗುತ್ತಾ?"

"ಕೇಳಿ. ಏನು ತಪ್ಪು?"

ಪ್ರದರ್ಶನಕ್ಕೆ ಎರಡು ವಾರ ಇರುವಾಗ, ಪಾರ್ವತಮ್ಮ ದೇವಸ್ಥಾನಕ್ಕೆ ಹೋಗಿದ್ದ ಒಂದು ಬೆಳಗ್ಗೆ, ಅದನ್ನು ನಡೆಸುವ ಹುಡುಗಿ ಮೈತ್ರಿ ಪೆಟ್ಟಿಗೆ ನೋಡಲು ಬಂದಳು. ಹಳೇ ಯಂತ್ರಗಳ ಬಗ್ಗೆ ಓದಿಕೊಂಡವಳು. ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಳಗೆ ಟಾರ್ಚು ಬಿಟ್ಟು, ನೀರಿನ ತೊಟ್ಟಿಯ ಕೆಳಗಿದ್ದ ಹಿತ್ತಾಳೆಯ ಒಂದು ಚಪ್ಪಟೆ ಬಿಲ್ಲೆ ಕಂಡದ್ದೇ ಅವಳ ಮುಖ ಅರಳಿತು.

"ಅಂಕಲ್, ಇದು ಔಷಧಿ ಪೆಟ್ಟಿಗೆ ಅಲ್ಲ. ಇನ್‌ಕ್ಯುಬೇಟರ್."

"ಅಂದ್ರೆ, ಆಸ್ಪತ್ರೇಲಿ ಮಕ್ಕಳನ್ನ ಇಡ್ತಾರಲ್ಲ, ಅದಾ?"

"ಅದಕ್ಕೆ ಚಿಕ್ಕಪ್ಪ ಆಗ್ಬೇಕು. ಇದು ಕೋಳಿ ಮೊಟ್ಟೇದು. ಕೋಳಿ ಕಾವಿಗೆ ಕೂರೋ ಬದಲು ಇದರೊಳಗೆ ಮೊಟ್ಟೆ ಇಟ್ರೆ ಇಪ್ಪತ್ತೊಂದು ದಿನಕ್ಕೆ ಮರಿ ಬರುತ್ತೆ. ನೂರು ವರ್ಷಕ್ಕೂ ಹಳೇದು ಅನ್ಸುತ್ತೆ. ಸಖತ್ ಪೀಸ್ ಅಂಕಲ್."

ಮೇಷ್ಟ್ರು ಗೋಡೆ ಹಿಡಿದುಕೊಂಡರು. ಮೈತ್ರಿ ಉತ್ಸಾಹದಿಂದ ವಿವರಿಸುತ್ತಲೇ ಇದ್ದಳು. ಆ ಬಿಲ್ಲೆಯೊಳಗೆ ಬೇಗ ಆವಿಯಾಗುವ ದ್ರವದ ಕೆಲವು ಹನಿ ಇದೆ. ಬಿಸಿ ಹೆಚ್ಚಾದರೆ ಬಿಲ್ಲೆ ಉಬ್ಬಿ ಕಡ್ಡಿಯನ್ನು ತಳ್ಳುತ್ತದೆ, ಮುಚ್ಚಳ ಮೇಲೇಳುತ್ತದೆ, ಹೆಚ್ಚಿನ ಶಾಖ ಹೊರಗೆ ಹೋಗುತ್ತದೆ. ತಣ್ಣಗಾದರೆ ಮುಚ್ಚಳ ತಾನಾಗಿ ಕೂರುತ್ತದೆ. ಶಿವ ಒಪ್ಪಿಕೊಳ್ಳುತ್ತಿದ್ದುದರ ಒಳಗುಟ್ಟು ಇದು. "ಮತ್ತೆ ಈ ಮೇಲಿನ ಗಾಜಿನ ಖಾನೆ?" ಎಂದು ಮೇಷ್ಟ್ರು ಸಣ್ಣ ದನಿಯಲ್ಲಿ ಕೇಳಿದರು.

"ಮೊಟ್ಟೆ ಒಡ್ಕೊಂಡು ಬಂದ ಮರಿಗಳ ಪುಕ್ಕ ಒಣಗೋಕೆ."

ವಿಭೂತಿ ಉಂಡೆಗಳು ಆ ಖಾನೆಯಲ್ಲಿ ಏನೂ ಅರಿಯದೆ ಬೆಳ್ಳಗೆ ಕೂತಿದ್ದವು.

ಆಮಂತ್ರಣದಲ್ಲಿ ಮೇಷ್ಟ್ರ ಹೆಸರು ಆಗಲೇ ಅಚ್ಚಾಗಿತ್ತು. ಹಿಂದೆ ಸರಿಯುವ ಹಾಗಿಲ್ಲ. ಫಲಕದ ಮೇಲೆ ಏನಾದರೂ ಮರ್ಯಾದಸ್ಥ ಮಾತು ಬರೆಯಮ್ಮ ಎಂದು ಮೈತ್ರಿಯ ಹತ್ತಿರ ಗೋಗರೆದರು. "ನೀವು ಹಿಸ್ಟರಿ ಮೇಷ್ಟ್ರು ಅಲ್ವಾ ಅಂಕಲ್" ಎಂದು ಅವಳು ಒಮ್ಮೆ ನೋಡಿದಳು. ಆ ನೋಟಕ್ಕೆ ಮೇಷ್ಟ್ರು ಅರ್ಧ ಕುಗ್ಗಿದರು. ಕೊನೆಗೆ "ಶಾಖದ ಪೆಟ್ಟಿಗೆ" ಎಂದಷ್ಟೇ ಬರೆಯುವುದೆಂದು ಒಪ್ಪಂದವಾಯಿತು.

ಈಗ ನೋಡಿ ಮೇಷ್ಟ್ರ ಪಾಡು. ಹೆಂಡತಿಗೆ ತಿಳಿದರೆ ಇಷ್ಟು ವರ್ಷದ ಬೆಳಗಿನ ಜಾವದ ಸ್ನಾನಗಳು, ಸೋಮವಾರದ ವಿಭೂತಿ, ಅತ್ತೆ ಕೊಟ್ಟ ಒಂದೇ ಒಂದು ಪ್ರೀತಿಯ ವಸ್ತು, ಎಲ್ಲ ಬೀದಿಯವರ ಬಾಯಲ್ಲಿ ನಗೆಪಾಟಲು. ಮೊಟ್ಟೆಯ ಮೇಲಿನ ಸಿಟ್ಟು ಎರಡರಷ್ಟಾಗಿ, ಮಗಳ ಮನೆಯ ಸೋಫಾದ ತುದಿಯೂ ತಪ್ಪಿಹೋದೀತು. ಹಾಗಂತ ವಿಷಯವನ್ನು ಮರೆತಾದರೂ ಬಿಟ್ಟರೇ ಅಂದರೆ, ಅದೂ ಇಲ್ಲ. ಲೈಬ್ರರಿಗೆ ಹೋಗಿ, ಮೊಬೈಲಿನಲ್ಲಿ ಹುಡುಕಿ, ಕೃತಕ ಕಾವಿನ ಚರಿತ್ರೆಯನ್ನೆಲ್ಲ ಅರೆದು ಕುಡಿದರು. ಎಂಥ ಸೊಗಸಾದ ಚರಿತ್ರೆ. ಹೇಳಿಕೊಳ್ಳಲು ಒಬ್ಬರೂ ಇಲ್ಲ. ನಾಲಿಗೆ ಕಡಿಯುತ್ತಿತ್ತು. ಒಂದು ಬೆಳಗ್ಗೆ ಇಡ್ಲಿ ತಿನ್ನುತ್ತ ತಡೆಯಲಾಗದೆ ಶುರುಮಾಡಿದರು.

"ಪಾರ್ವತಿ, ಈಜಿಪ್ಟ್‌ನಲ್ಲಿ ಸಾವಿರಾರು ವರ್ಷದ ಹಿಂದೆ ಮಣ್ಣಿನ ದೊಡ್ಡ ಗೂಡುಗಳಿದ್ವಂತೆ."

"ಈಜಿಪ್ಟ್ ಎಲ್ಲೂ ಹೋಗಲ್ಲ. ಮೊದ್ಲು ಕೊತ್ತಂಬ್ರಿ ಸೊಪ್ಪು ತನ್ನಿ."

ಮೇಷ್ಟ್ರು ಬೇಸರಕ್ಕಿಂತ ಹೆಚ್ಚು ನೆಮ್ಮದಿಯಿಂದಲೇ ಚೀಲ ಹಿಡಿದು ಹೊರಟರು.

ಭಾನುವಾರ ಬಂತು. ಜಯನಗರದ ಆ ಸಭಾಂಗಣದಲ್ಲಿ ಒರಳು, ಗ್ರಾಮಫೋನು, ಶ್ಯಾವಿಗೆ ಒತ್ತುವ ಮಣೆ, ಮರದ ರೇಡಿಯೋಗಳ ನಡುವೆ ಪೆಟ್ಟಿಗೆ ವಿಭೂತಿ ಸಮೇತ ವಿರಾಜಮಾನವಾಗಿತ್ತು. ಶ್ರೀನಗರದ ಅರ್ಧ ಬೀದಿ ಬಂದಿತ್ತು. ಪಾರ್ವತಮ್ಮ ಮಗಳ ಜೊತೆ ಬರುತ್ತೇನೆಂದಿದ್ದರು, ಇನ್ನೂ ಬಂದಿರಲಿಲ್ಲ. ಪೆಟ್ಟಿಗೆಯ ಪಕ್ಕ ನಿಂತು ಜನರಿಗೆ ವಿವರಿಸುತ್ತಿದ್ದವರು ಮೇಷ್ಟ್ರಲ್ಲ, ಎದುರುಮನೆಯ ಗೌರೀಶಂಕರ. ಬ್ಯಾಂಕಿನಿಂದ ನಿವೃತ್ತರಾದ ಈ ಗೌರೀಶಂಕರ ಆಚಾರದಲ್ಲಿ ಭಾರಿ ಕಟ್ಟುನಿಟ್ಟು. ಹೊರಗೆ ಎಲ್ಲೂ ತಿನ್ನುವುದಿಲ್ಲ. ಶನಿವಾರ ಮಾತ್ರ ಡಬ್ಬಿ ಹಿಡಿದು ಪಾರ್ವತಮ್ಮನವರ ಹಿಟ್ಟಿಗೆ ಬರುತ್ತಿದ್ದರು.

"ಇದು ದಿವಾನರ ಡಾಕ್ಟರ ಪೆಟ್ಟಿಗೆ. ದಿವಾನ್ರಿಗೆ ವಿಷಮಜ್ವರ ಬಂದಾಗ ಇದರೊಳಗೇ ಬೇರು ಕಾಯಿಸಿ ಕಷಾಯ ಮಾಡಿದ್ದು. ಆಮೇಲೆ ಮಹಾರಾಜರೇ ಬಂದು ನೋಡಿದ್ರು" ಎನ್ನುತ್ತಿದ್ದರು ಗೌರೀಶಂಕರ.

ವಿಷಮಜ್ವರ, ಬೇರು, ಮಹಾರಾಜರು, ಮೂರೂ ಗೌರೀಶಂಕರರ ಸ್ವಂತ ಕೊಡುಗೆ. ಮೇಷ್ಟ್ರ ಅಪ್ಪ ಬಿತ್ತಿದ ಸುಳ್ಳು ಅವರ ಕಣ್ಣೆದುರೇ ಹೂವು ಕಾಯಿ ಬಿಡುತ್ತಿತ್ತು. ಸುತ್ತ ನಿಂತ ಜನ ತಲೆದೂಗುತ್ತಿದ್ದರು, ಒಬ್ಬಾತ ವಿಡಿಯೋ ಮಾಡಿಕೊಳ್ಳುತ್ತಿದ್ದ. ಇಡೀ ಸರ್ವೀಸಿನಲ್ಲಿ ತಪ್ಪು ಇಸವಿ ಬರೆದ ಒಬ್ಬ ವಿದ್ಯಾರ್ಥಿಯನ್ನೂ ಸುಮ್ಮನೆ ಬಿಡದ ಮೇಷ್ಟ್ರು ಎಷ್ಟು ಹೊತ್ತು ತಡೆದಾರು.

"ಅಲ್ಲ" ಎಂದುಬಿಟ್ಟರು. "ಅದೆಲ್ಲ ಅಲ್ಲ. ಇದು ಕೋಳಿ ಮೊಟ್ಟೆ ಮರಿ ಮಾಡೋ ಪೆಟ್ಟಿಗೆ."

ಒಮ್ಮೆ ಬಾಗಿಲು ತೆಗೆದ ಮೇಲೆ ಮೇಷ್ಟ್ರನ್ನು ಹಿಡಿಯುವವರಿಲ್ಲ. ಈಜಿಪ್ಟಿನ ಮಣ್ಣಿನ ಗೂಡುಗಳಿಂದ ಹಿಡಿದರು. ಒಣಹುಲ್ಲು, ಸಗಣಿಯ ಬೆಂಕಿ ಹಾಕಿ ಸಾವಿರಾರು ಮೊಟ್ಟೆಗಳನ್ನು ಒಟ್ಟಿಗೆ ಮರಿ ಮಾಡುತ್ತಿದ್ದ ಜನ, ಗೂಡಿನೊಳಗೇ ವಾಸ, ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಒತ್ತಿ ಶಾಖ ನೋಡುತ್ತಿದ್ದದ್ದು. ಹೇಳುತ್ತ ಪಕ್ಕದ ಟೇಬಲ್ಲಿನಿಂದ ಒಂದು ಬೋರ್ನವೀಟಾ ಡಬ್ಬದ ಮುಚ್ಚಳ ಎತ್ತಿ ತಮ್ಮ ರೆಪ್ಪೆಗೆ ಒತ್ತಿ ತೋರಿಸಿದರು. ಅಲ್ಲಿಂದ ಫ್ರಾನ್ಸಿಗೆ ಹಾರಿದರು. ಅಲ್ಲೊಬ್ಬ ವಿಜ್ಞಾನಿ ಪೀಪಾಯಿಗಳನ್ನು ಬಿಸಿ ಗೊಬ್ಬರದೊಳಗೆ ಹೂತು ಅದರೊಳಗೆ ಮೊಟ್ಟೆ ಇಟ್ಟ ಕಥೆ. ಆಮೇಲೆ ಲಂಡನ್ನಿನ ದೀಪದ ಪೆಟ್ಟಿಗೆ, ಉಬ್ಬುವ ಬಿಲ್ಲೆ. ಜನ ಹತ್ತಿರ ಹತ್ತಿರ ಬಂದರು. ಬಹಳ ವರ್ಷದ ಮೇಲೆ ಒಂದು ತರಗತಿ ತುಂಬ ಜನ ತಮ್ಮ ಮಾತು ಕೇಳುತ್ತಿದ್ದಾರೆಂಬ ಸಂತೋಷದಲ್ಲಿ ಮೇಷ್ಟ್ರು ತೇಲಿಹೋದರು.

"ಇದೆಲ್ಲಕ್ಕಿಂತ ದೊಡ್ಡ ವಿಷಯ ಕೇಳಿ. ಪ್ಯಾರಿಸ್‌ನಲ್ಲಿ ಒಬ್ಬ ಹೆರಿಗೆ ಡಾಕ್ಟ್ರು ಮೃಗಾಲಯಕ್ಕೆ ಹೋದಾಗ ಇಂಥದ್ದೇ ಒಂದು ಪೆಟ್ಟಿಗೇಲಿ ಕೋಳಿಮರಿಗಳನ್ನ ನೋಡಿದ್ರು. ದಿನ ತುಂಬದೆ ಹುಟ್ಟಿದ ಮಕ್ಕಳು ಚಳಿಗೆ ಸಾಯ್ತಾವಲ್ಲ, ಅವಕ್ಕೂ ಇದನ್ನೇ ಯಾಕೆ ಮಾಡ್ಬಾರ್ದು ಅಂದ್ಕೊಂಡ್ರು. ಮಾಡಿಸಿದ್ರು. ಇವತ್ತು ಆಸ್ಪತ್ರೇಲಿರೋದು ಅದೇ ವಂಶ. ಇನ್ನು ಈ ಮುಚ್ಚಳ ತಾನಾಗೇ ಏಳುತ್ತೆ ನೋಡಿ, ಅದು ಬರೀ ಶಾಖ. ಯಾವ ದೇವ್ರೂ ಒಪ್ಕೊಳ್ಳೋದಲ್ಲ."

ನಗು ಬರಬೇಕಾದ ಜಾಗ ಅದು. ಬರಲಿಲ್ಲ. ಮೇಷ್ಟ್ರು ತಲೆಯೆತ್ತಿ ನೋಡಿದರೆ ಎರಡನೇ ಸಾಲಿನಲ್ಲಿ ಪಾರ್ವತಮ್ಮ. ಒಂದು ಪಕ್ಕ ಶಾಂತಲಾ, ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಪಾರ್ವತಮ್ಮನವರ ಸೆರಗು ಹಿಡಿದುಕೊಂಡು ಧಾತ್ರಿ. ಮೇಷ್ಟ್ರ ಕೈಯಲ್ಲಿ ಇನ್ನೂ ಬೋರ್ನವೀಟಾ ಮುಚ್ಚಳವಿತ್ತು.

ಮೊದಲು ಬಾಯಿಬಿಟ್ಟವರು ಗೌರೀಶಂಕರ. "ಅಂದ್ರೆ ಇಷ್ಟು ವರ್ಷ ನಾವು ತಿಂದ ಇಡ್ಲಿ" ಎಂದರು. ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡರು.

ಪಾರ್ವತಮ್ಮ ಅವರ ಕಡೆ ನೋಡಲಿಲ್ಲ. ಮುಂದೆ ಬಂದು ಪೆಟ್ಟಿಗೆಯ ಗಾಜಿನ ಖಾನೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಗಂಡನನ್ನು ಕೇಳಿದರು.

"ರೀ, ನಮ್ಮ ಧಾತ್ರಿನ ಇಟ್ಟಿದ್ರಲ್ಲ, ಆ ಗಾಜಿನ ಪೆಟ್ಟಿಗೆ. ಅದು ಇದರಿಂದ ಬಂದಿದ್ದಾ?"

"ಇದರ ಅಣ್ಣನಿಂದ ಅನ್ಬಹುದು, ಇಂಥದ್ದನ್ನ ನೋಡಿ ಮಾಡಿದ್ದು" ಎಂದರು ಮೇಷ್ಟ್ರು. ಇಷ್ಟು ಚಿಕ್ಕ ಉತ್ತರವನ್ನು ಅವರು ಜೀವಮಾನದಲ್ಲಿ ಕೊಟ್ಟಿರಲಿಲ್ಲ.

ಧಾತ್ರಿ ಹುಟ್ಟಿದಾಗ ಪಾರ್ವತಮ್ಮ ಆಸ್ಪತ್ರೆಯ ಆ ಗಾಜಿನ ಮುಂದೆ ಊಟ ನಿದ್ದೆ ಬಿಟ್ಟು ನಿಂತಿದ್ದರು. ಒಳಗಿದ್ದ ಮಗು ಅವರ ಅಂಗೈಗಿಂತ ಸ್ವಲ್ಪವೇ ದೊಡ್ಡದು. ನರ್ಸು ಬೈದರೂ ಕೇಳದೆ ಆ ಪೆಟ್ಟಿಗೆಯ ಮೂಲೆಗೆ ಬೆರಳಿನಿಂದ ಒಂದು ಸಣ್ಣ ವಿಭೂತಿ ಪಟ್ಟೆ ಎಳೆದು ಬಂದಿದ್ದರು. ನರ್ಸನ್ನು ಬಿಟ್ಟರೆ ಅದನ್ನು ಕಂಡವರು ಶಾಂತಲಾ ಮತ್ತು ಮೇಷ್ಟ್ರು ಇಬ್ಬರೇ. ಈಗ ಪಾರ್ವತಮ್ಮ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು, ಸೆರಗಿನಿಂದ ಗಾಜಿನ ಮೇಲಿದ್ದ ಯಾರದೋ ಕೈಗುರುತು ಒರೆಸಿದರು.

ಆಮೇಲೆ ಗೌರೀಶಂಕರರ ಕಡೆ ತಿರುಗಿದರು.

"ಸ್ವಾಮಿಗಳು ಮನೆಗೆ ಬಂದ್ರೆ ಅವರ ಪೂರ್ವಾಶ್ರಮ ಕೇಳ್ತೀರಾ ನೀವು?"

"ಛೆ, ಅದು ಕೇಳೋ ಹಾಗಿಲ್ಲ."

"ಇದರದ್ದೂ ಹಾಗೇ. ಇದರೊಳಗೆ ಹೋದ ಮೊಟ್ಟೆ ಒಂದೂ ಬಾಣಲೆಗೆ ಬಿದ್ದಿಲ್ಲ, ಎಲ್ಲಾ ಜೀವ ಆಗಿ ಹೊರಗೆ ಬಂದಿವೆ. ಶನಿವಾರ ಡಬ್ಬಿ ತರ್ತೀರೋ ಇಲ್ವೋ ಈಗ್ಲೇ ಹೇಳಿ. ಅಷ್ಟೇ ಅಕ್ಕಿ ನೆನೆಸ್ತೀನಿ."

ಗೌರೀಶಂಕರ ಸುತ್ತ ನೋಡಿದರು. ಡಿಸೆಂಬರಿನ ಚಳಿ, ತಮ್ಮ ಮನೆಯ ಕಲ್ಲಿನಂಥ ಇಡ್ಲಿ, ಎರಡೂ ಕಣ್ಣಮುಂದೆ ಬಂದಿರಬೇಕು. "ತರ್ತೀನಮ್ಮ" ಎಂದರು.

ಪೆಟ್ಟಿಗೆಯನ್ನು ಸಂಜೆ ಗೂಡ್ಸ್ ಆಟೋದಲ್ಲಿ ಕಳಿಸುತ್ತೇನೆಂದು ಮೈತ್ರಿ ಹೇಳಿದಳು. ಶಾಂತಲಾ ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟುಹೋದಳು. ಮೇಷ್ಟ್ರು ಆಟೋ ನಿಲ್ಲಿಸಿ ಶ್ರೀನಗರ ಎನ್ನುವಷ್ಟರಲ್ಲಿ ಪಾರ್ವತಮ್ಮ ಹತ್ತಿ ಕೂತು, "ಜೆ.ಪಿ. ನಗರ ನಡಿಯಪ್ಪ" ಎಂದರು. ಮಗಳಿಗೆ ಬೈಯಲಿಕ್ಕೋ, ಗಂಡನನ್ನು ಬಿಟ್ಟು ಅಲ್ಲೇ ಇರಲಿಕ್ಕೋ, ಮೇಷ್ಟ್ರಿಗೆ ತಿಳಿಯಲಿಲ್ಲ.

ಸಾರಕ್ಕಿ ಸಿಗ್ನಲ್ಲಿನಲ್ಲಿ ಆಟೋ ನಿಂತಿತು. ಅಲ್ಲಿ ನಿಂತರೆ ಒಂದು ಸಂಸಾರದ ಮಾತು ಮುಗಿಯುವಷ್ಟು ಹೊತ್ತು ನಿಲ್ಲುತ್ತದೆ.

"ನಿಮಗೆ ಯಾವಾಗಿಂದ ಗೊತ್ತಿತ್ತು?" ಎಂದರು ಪಾರ್ವತಮ್ಮ.

"ಆ ಹುಡುಗಿ ಮನೆಗೆ ಬಂದಾಗಿಂದ."

"ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಂದೆ. ನೀನು ಕೊತ್ತಂಬ್ರಿ ಸೊಪ್ಪಿಗೆ ಕಳಿಸ್ದೆ."

"ತಮಾಷೆ ಬೇಡ. ಭಯ ಆಯ್ತಾ?"

ಮೇಷ್ಟ್ರು ಮುಂದಿನ ಬಸ್ಸಿನ ಹಿಂಬದಿ ನೋಡುತ್ತ ಹೌದೆಂದು ತಲೆಯಾಡಿಸಿದರು.

ಪಕ್ಕದಲ್ಲಿ ಒಬ್ಬ ಸೀಬೆಕಾಯಿ ಮಾರುವವನು ಬಂದು, ಇಬ್ಬರ ಮುಖ ನೋಡಿ, ಏನೂ ಕೇಳದೆ ಮುಂದೆ ಹೋದ.

"ನಲವತ್ತು ವರ್ಷ ಜೊತೇಲಿರೋ ನಿಮಗೇ ಭಯ ಅಂದ್ರೆ, ನಮ್ಮ ಶಾಂತಲಾಗೆ ಎಷ್ಟಿರ್ಬೇಡ. ಅವತ್ತು ಮೊಟ್ಟೆ ಕೊಡ್ಬೇಕು ಅಂತ ಅವಳು ನನಗೆ ಫೋನಲ್ಲೇ ಹೇಳಿದ್ದು. ಎದುರಿಗೆ ಬಂದು ಹೇಳ್ಲಿಲ್ಲ. ನನಗೆ ಸಿಟ್ಟು ಬಂದಿದ್ದು ಅದಕ್ಕೇ. ಯಾಕೆ ಬರ್ಲಿಲ್ಲ ಅಂತ ಈಗ ಗೊತ್ತಾಗ್ತಿದೆ." ಸಿಗ್ನಲ್ಲು ಬಿಟ್ಟಿತು.

ಬಾಗಿಲು ತೆಗೆದ ಶಾಂತಲಾ ಅಪ್ಪ ಅಮ್ಮನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು. ಎಂದಿನ ಹಾಗೆ ಸೋಫಾದ ತುದಿಯ ಮೇಲಿದ್ದ ಬಟ್ಟೆಗಳನ್ನು ಎತ್ತಿ ಜಾಗ ಮಾಡಿದಳು. ಪಾರ್ವತಮ್ಮ ಕೂರಲಿಲ್ಲ. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಮೇಷ್ಟ್ರ ಕೈಗೆ ಕೊಟ್ಟು, ಸೀದಾ ನಡೆದು ಅಡುಗೆಮನೆಯ ಹೊಸಿಲಿನಲ್ಲಿ ನಿಂತರು. ಒಲೆಯ ಪಕ್ಕ ಒಂದು ಮೊಟ್ಟೆಯ ಟ್ರೇ ಇತ್ತು. ಶಾಂತಲಾ ಓಡಿಬಂದು ಅದರ ಮೇಲೆ ಟವೆಲ್ಲು ಹಾಕಿದಳು.

"ಅದಕ್ಕೇನು ಚಳಿಯಾ?" ಎಂದರು ಪಾರ್ವತಮ್ಮ. "ಕಾಫಿ ಇದ್ಯೇನೇ?"

ಶಾಂತಲಾ ಅಮ್ಮನನ್ನೂ ಅಪ್ಪನನ್ನೂ ನೋಡಿದಳು. ಮೇಷ್ಟ್ರು ಬಾಟಲಿ ಹಿಡಿದುಕೊಂಡು ಗೋಡೆಯ ಕ್ಯಾಲೆಂಡರನ್ನು ಓದತೊಡಗಿದ್ದರು. ಅವಳು ಸ್ಟೂಲು ಹತ್ತಿ, ಮೇಲಿನ ಕಪಾಟಿನ ಹಿಂದಿನಿಂದ ಪೇಪರು ಸುತ್ತಿದ ಒಂದು ಸ್ಟೀಲಿನ ಲೋಟ ತೆಗೆದಳು. ಅಂಗಡಿಯ ಚೀಟಿ ಇನ್ನೂ ಅದರ ಮೇಲೇ ಅಂಟಿತ್ತು. ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ ಹೆಸರು: ಪಾರ್ವತಮ್ಮ.

"ಯಾವಾಗ ತಂದಿದ್ದು ಇದು?"

"ಮೂರು ವರ್ಷ ಆಯ್ತು. ನಿನಗೇಂತ ಬೇರೆ ಇಟ್ಟಿದ್ದೆ. ಮೊಟ್ಟೆ ಸೋಕಿಲ್ಲ ಅಮ್ಮ ಇದಕ್ಕೆ. ಇದ್ರಲ್ಲಾದ್ರೂ ಕುಡಿ ಅಂತ ಕೇಳೋಣ ಅಂತಿದ್ದೆ. ಕೇಳೋಕಾಗ್ಲಿಲ್ಲ."

ಪಾರ್ವತಮ್ಮ ಲೋಟ ತೆಗೆದುಕೊಂಡು, ಚೀಟಿಯನ್ನು ಉಗುರಿನಿಂದ ಕೆರೆದು ಕೆರೆದು ತೆಗೆದರು. ಅದು ಪೂರ್ತಿ ಬಂದ ಮೇಲೂ ಕೆರೆಯುತ್ತಲೇ ಇದ್ದರು. ಶಾಂತಲಾ ಬೆನ್ನು ತಿರುಗಿಸಿ ಹಾಲು ಕಾಯಿಸಿದಳು. ಕಾಫಿ ಬಂತು. ಪಾರ್ವತಮ್ಮ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಮೊಟ್ಟೆಯ ಟ್ರೇಯಿಂದ ಒಂದು ಗೇಣು ದೂರ ಬಿಟ್ಟು, ಒಂದು ಗುಟುಕು ಕುಡಿದರು.

"ಡಿಕಾಕ್ಷನ್ ನೀರಾಗಿದೆ. ಇಷ್ಟು ವರ್ಷ ಆಯ್ತು, ಒಂದು ಕಾಫಿ ಮಾಡೋಕೆ ಕಲೀಲಿಲ್ಲ" ಎಂದರು.

ಶಾಂತಲಾ ಅಳುತ್ತಲೇ ನಕ್ಕಳು. ಪಾರ್ವತಮ್ಮ ಲೋಟ ಖಾಲಿ ಮಾಡಿ, ಇನ್ನರ್ಧ ಹಾಕು ಎಂದು ಮುಂದೆ ಹಿಡಿದರು.